ಚಪ್ಪಲಿ ಸ್ಟ್ಯಾಂಡಿನ ಮೇಲೊಂದು ಚಾಕೊಲೇಟ್

ವರಮಹಾಲಕ್ಷ್ಮಿ ಹಬ್ಬದ ಮಾರನೆಯ ಬೆಳಿಗ್ಗೆ ಹಾಲಿನ ಪ್ಯಾಕೆಟ್ ಎತ್ತಿಕೊಳ್ಳಲು ಬಾಗಿಲು ತೆಗೆದರೆ, ನಮ್ಮ ಚಪ್ಪಲಿ ಸ್ಟ್ಯಾಂಡಿನ ಮೇಲೆ ಒಂದು ಚಾಕೊಲೇಟ್!

ಕವರ್ ಕೂಡ ಬಿಚ್ಚಿರಲಿಲ್ಲ. ನಮ್ಮ ಯಜಮಾನರ ವಾಕಿಂಗ್ ಶೂಗಳ ಪಕ್ಕದಲ್ಲಿ, ಅಂಚಿಗೆ ಸರಿಯಾಗಿ, ಸ್ಕೇಲ್ ಹಿಡಿದು ಇಟ್ಟ ಹಾಗೆ ಇತ್ತು. ಹಿಂದಿನ ಸಂಜೆ ಅರಿಶಿನ ಕುಂಕುಮಕ್ಕೆ ಬಂದಿದ್ದ ಒಬ್ಬಳಿಗೆ ನಾನೇ ಕೈಯಾರೆ ಕೊಟ್ಟಿದ್ದ ಚಾಕೊಲೇಟ್ ಅದು.

“ಅಯ್ಯೋ ಪಾಪ, ಆ ಮಗು ಮರ್ತು ಹೋಗ್ಬಿಟ್ಟಿದೆ ನೋಡ್ರೀ” ಅಂದೆ.

ಯಜಮಾನರು ಹೈಸ್ಕೂಲ್ ಮೇಷ್ಟ್ರಾಗಿದ್ದು ರಿಟೈರ್ ಆದವರು. ಮೂವತ್ತು ವರ್ಷ ಪರೀಕ್ಷಾ ಕೊಠಡಿ ಕಾದಿದ್ದಾರೆ. ಯಾವ ಪ್ರಶ್ನೆಯನ್ನು ಹುಡುಗರು ಮರೆತು ಬಿಟ್ಟರು, ಯಾವುದನ್ನು ಬೇಕೆಂದೇ ಬಿಟ್ಟರು ಎಂದು ದೂರದಿಂದಲೇ ಹೇಳಬಲ್ಲರು. ಪೇಪರಿನಿಂದ ತಲೆ ಎತ್ತದೆ ಹೇಳಿದರು: “ಮರ್ತಿಲ್ಲ ಕಣೇ. ಇಟ್ಟು ಹೋಗಿದಾಳೆ.”

“ಅಂದ್ರೆ?”

“ಅಂದ್ರೆ ನಿಂಗೇ ವಾಪಸ್ ಕೊಟ್ಟಿದಾಳೆ.”

ನಾನು ನಂಬಲಿಲ್ಲ. (ಮದುವೆಯಾದ ಮೂವತ್ತನಾಲ್ಕು ವರ್ಷದಲ್ಲಿ ಅವರ ಮಾತನ್ನು ಮೊದಲ ಸಲಕ್ಕೇ ನಂಬಿದ ದಾಖಲೆ ನಮ್ಮ ಮನೆಯಲ್ಲಿ ಇಲ್ಲ.)

ಇರಲಿ, ಹಿಂದಿನ ಸಂಜೆಯ ಕಥೆ ಹೇಳಿಬಿಡುತ್ತೇನೆ. ನನಗೆ ಮರ್ಯಾದೆ ತರುವ ಕಥೆಯಲ್ಲ. ಆದರೆ ಈ ಅಂಕಣದಲ್ಲಿ ವಾರವಾರವೂ ಊರಿನವರ ತಪ್ಪು ಎತ್ತಿ ಆಡುವವಳು ಒಮ್ಮೆಯಾದರೂ ತನ್ನದನ್ನು ಹೇಳಿಕೊಳ್ಳಬೇಕಲ್ಲ?

ನಾವಿರುವುದು ವಿದ್ಯಾರಣ್ಯಪುರದ ಪಕ್ಕ, ಸಿಂಗಾಪುರದ ಒಂದು ಲೇಔಟಿನಲ್ಲಿ. ನಮ್ಮದು ಹದಿನೈದು ಇಪ್ಪತ್ತು ಮನೆಯ ಸಣ್ಣ ರಸ್ತೆ. ಹಬ್ಬಕ್ಕೆ ಕರೆಯುವ ವಿಷಯದಲ್ಲಿ ನಾನು ಹಳೇ ಕಾಲದವಳು. ಕುಂಕುಮದ ಬಟ್ಟಲು ಹಿಡಿದು ಮನೆಮನೆಗೆ ಹೋಗಿ, ಹಣೆಗೆ ಇಟ್ಟು, “ಬನ್ನಿ” ಎಂದು ಬಾಯಿತುಂಬ ಕರೆಯಬೇಕು. ಮೊಬೈಲಿನಲ್ಲಿ ಲಕ್ಷ್ಮಿಯ ಚಿತ್ರ ಕಳಿಸಿ “ಆಲ್ ಆರ್ ವೆಲ್‌ಕಮ್” ಅನ್ನುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿ. ಕಳೆದ ವರ್ಷ ಇದೇ ಅಂಕಣದಲ್ಲಿ ವಾಟ್ಸಾಪ್ ಕರೆಯೋಲೆಯ ವಿರುದ್ಧ ನಾನು ಕಿಡಿ ಕಾರಿದ್ದು ನಿಮಗೆ ನೆನಪಿರಬಹುದು. ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈ ಸಲ ಕರೆಯುವ ಪಟ್ಟಿಗೆ ಒಂದು ಹೊಸ ಮನೆ ಸೇರಿತ್ತು. ಎದುರಿನ ಕಮಲಮ್ಮನವರ ಬಿಲ್ಡಿಂಗಿನ ಮೊದಲ ಮಹಡಿಗೆ ಜೂನ್‌ನಲ್ಲಿ ಬಾಡಿಗೆಗೆ ಬಂದವರು: ಸರಳಾ, ಆಕೆಯ ಗಂಡ, ಮಗಳು ಪಲ್ಲವಿ. ಪಲ್ಲವಿಗೆ ಡೌನ್ ಸಿಂಡ್ರೋಮ್ ಇದೆ. ದುಂಡು ಮುಖ, ಸ್ವಲ್ಪ ಮೇಲಕ್ಕೆ ಓರೆಯಾದ ಕಣ್ಣಂಚು, ಗಿಡ್ಡ ಮೈಕಟ್ಟು. ನೋಡಿದ ತಕ್ಷಣ ನನಗೆ ಗೊತ್ತಾಯಿತು. ಅದರ ಬಗ್ಗೆ ನಾನು ಓದಿಕೊಂಡಿದ್ದೇನೆ ಎಂಬ ಜಂಬವೂ ಇತ್ತು. (ಡೌನ್ ಸಿಂಡ್ರೋಮ್ ಕಾಯಿಲೆಯಲ್ಲ. ಎಲ್ಲ ಗೊತ್ತು ಅನ್ನುವುದಿದೆಯಲ್ಲ, ಅದು ಕಾಯಿಲೆ.)

ಹಬ್ಬದ ಸಂಜೆ ಹಾಲ್ ತುಂಬ ಹೆಂಗಸರು. ಒಬ್ಬೊಬ್ಬರನ್ನೇ ಮಣೆಯ ಮೇಲೆ ಕೂರಿಸಿ ಅರಿಶಿನ ಕುಂಕುಮ ಕೊಟ್ಟು, ಎಲೆ ಅಡಿಕೆ, ತೆಂಗಿನಕಾಯಿ, ಬಳೆ, ಬ್ಲೌಸ್ ಪೀಸ್ ಇರುವ ತಾಂಬೂಲದ ಚೀಲ ಕೈಗಿಡುತ್ತಿದ್ದೆ. ಪಕ್ಕದ ಮನೆಯ ಅನನ್ಯಾಳಿಗೂ ಕೊಟ್ಟೆ. ಹತ್ತೊಂಬತ್ತು ವರ್ಷ, ಇಂಜಿನಿಯರಿಂಗ್ ಓದುತ್ತಾಳೆ. ಜೀನ್ಸ್ ಹಾಕಿಕೊಂಡು, ಒಂದು ಕೈಯಲ್ಲಿ ಫೋನ್ ಒತ್ತುತ್ತ, ಇನ್ನೊಂದು ಕೈಯಲ್ಲಿ ಚೀಲ ತೆಗೆದುಕೊಂಡಳು.

ಅವಳ ಹಿಂದೆಯೇ ಪಲ್ಲವಿ ಬಂದಳು. ಸಾಸಿವೆ ಬಣ್ಣದ ಸೀರೆ, ಹಸಿರು ಅಂಚು, ತಲೆಯಲ್ಲಿ ಮಲ್ಲಿಗೆ. ನೆರಿಗೆ ಜಾರದ ಹಾಗೆ ಒಂದು ಕೈ ಹೊಟ್ಟೆಯ ಮೇಲಿಟ್ಟುಕೊಂಡು, ಹುಷಾರಾಗಿ ಬಂದು ಮಣೆಯ ಮೇಲೆ ಕೂತಳು.

ನಾನು ಕುಂಕುಮ ಇಟ್ಟೆ. ಕೆನ್ನೆ ತಟ್ಟಿದೆ. ಮಕ್ಕಳಿಗೆಂದು ಪಕ್ಕದ ತಟ್ಟೆಯಲ್ಲಿ ಇಟ್ಟುಕೊಂಡಿದ್ದ ಚಾಕೊಲೇಟುಗಳಲ್ಲಿ ಒಂದನ್ನು ತೆಗೆದು ಅವಳ ಕೈಗಿಟ್ಟೆ.

“ತಗೋ ಪುಟ್ಟಾ, ಜಾಣೆ!”

ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ನಾನಾಗುತ್ತಿರಲಿಲ್ಲ. ಅವಳ ತಲೆಯ ಮೇಲಿಂದ ಅವಳ ಅಮ್ಮನನ್ನು ಕೇಳಿದೆ, “ಇವಳು ಹೋಳಿಗೆ ತಿಂತಾಳೇನ್ರೀ? ಕೋಸಂಬರಿ ಖಾರ ಆಗುತ್ತೋ ಏನೋ?”

ಪಲ್ಲವಿ ಅನನ್ಯಾಳ ಚೀಲ ನೋಡಿದಳು. ತನ್ನ ಕೈಯಲ್ಲಿದ್ದ ಚಾಕೊಲೇಟ್ ನೋಡಿದಳು. “ಥ್ಯಾಂಕ್ಸ್ ಆಂಟಿ” ಅಂದಳು. ಎದ್ದು ಹೋದಳು.

ಇಷ್ಟೇ ನಡೆದದ್ದು. ಮಾರನೆಯ ದಿನ ನಾನು ಮಾಡಿದ್ದು ಏನು ಗೊತ್ತೇ? ಆ ಚಾಕೊಲೇಟನ್ನು ಕೈಯಲ್ಲಿ ಹಿಡಿದು, ಎದುರು ಮನೆಯ ಮೆಟ್ಟಿಲು ಹತ್ತಿ, ಬೆಲ್ ಒತ್ತಿ, “ಪಲ್ಲವಿ ಇದನ್ನ ಮರ್ತು ಬಂದಿದ್ಲು” ಅಂತ ವಾಪಸ್ ಕೊಡಲು ಹೋದೆ! ಹೊಡೆದದ್ದು ಸಾಲದು ಅಂತ ಕೋಲನ್ನೂ ಮನೆಗೆ ತಲುಪಿಸಿ ಬಂದ ಹಾಗೆ.

ಸರಳಾ ಬಾಗಿಲು ತೆಗೆದರು. ಚಾಕೊಲೇಟ್ ನೋಡಿದರು. ನನ್ನನ್ನು ನೋಡಿದರು. “ಒಳಗ್ ಬನ್ನಿ, ಕಾಫಿ ಕುಡ್ಕೊಂಡ್ ಹೋಗಿ” ಅಂದರು.

ಚಾಕೊಲೇಟನ್ನು ಅವರ ಟೇಬಲ್ ಮೇಲಿಟ್ಟು ಕೂತೆ. “ಪಲ್ಲವಿ ಎಲ್ಲಿ?”

“ಕೆಲ್ಸಕ್ಕೆ ಹೋಗಿದಾಳೆ.”

“ಕೆಲ್ಸಕ್ಕಾ!”

ನನ್ನ ದನಿಯಲ್ಲಿದ್ದ ಆಶ್ಚರ್ಯ ನನಗೇ ಕೇಳಿಸಿತು. ಸರಳಾಗೆ ಅದು ಹೊಸದಲ್ಲ ಅಂತ ಕಾಣುತ್ತದೆ. ವಿದ್ಯಾರಣ್ಯಪುರದ ಒಂದು ಜೆರಾಕ್ಸ್ ಅಂಗಡಿಯಲ್ಲಿ ಮೂರು ವರ್ಷದಿಂದ ಸ್ಪೈರಲ್ ಬೈಂಡಿಂಗ್, ಲ್ಯಾಮಿನೇಷನ್ ಮಾಡುತ್ತಾಳಂತೆ. ದಿನಾ ಎರಡು ಬಸ್ ಬದಲಾಯಿಸಿ ಒಬ್ಬಳೇ ಹೋಗುವುದು ಕಷ್ಟವಾಗುತ್ತಿತ್ತು ಎಂದೇ ಇವರು ಆರ್.ಟಿ. ನಗರದ ಮನೆ ಬಿಟ್ಟು ಇಲ್ಲಿಗೆ ಬಂದದ್ದು. ವಯಸ್ಸು ಇಪ್ಪತ್ತೇಳು.

ಇಪ್ಪತ್ತೇಳು! ಹತ್ತೊಂಬತ್ತರ ಅನನ್ಯಾಗೆ ತಾಂಬೂಲ, ಇಪ್ಪತ್ತೇಳರ ಪಲ್ಲವಿಗೆ ಚಾಕೊಲೇಟ್. ನನಗೆ ನಾಚಿಕೆಯಾಯಿತು. ಕಾಫಿ ಲೋಟದೊಳಗೆ ಮುಳುಗಿಹೋಗುವಷ್ಟು ನಾಚಿಕೆ.

“ಬೇಜಾರ್ ಮಾಡ್ಕೋಬೇಡಿ, ಹೇಳ್ಬಿಡ್ತೀನಿ” ಅಂದರು ಸರಳಾ. “ಆ ಸೀರೆ ಅವಳೇ ಆರಿಸ್ಕೊಂಡಿದ್ದು. ಮೊದಲನೇ ಸಲ ಉಟ್ಟಿದ್ದು. ಒಂದು ಗಂಟೆ ನಿಂತು ಉಡಿಸ್ಕೊಂಡಿದಾಳೆ, ಹನ್ನೊಂದು ಪಿನ್ನು. ನಿನ್ನೆ ಮನೆಗೆ ಬಂದವಳೇ ಎಲ್ಲಾ ಕಿತ್ತು ಹಾಕಿದ್ಲು. ‘ನಾನು ಚಿಕ್ಕ ಮಗೂನಾ?’ ಅಂತ ಒಂದೇ ಪ್ರಶ್ನೆ. ಊಟಾನೂ ಮಾಡ್ಲಿಲ್ಲ.”

“ನಾನೇನೋ... ಈ ಥರದವರು ಯಾವಾಗ್ಲೂ ಖುಷಿಯಾಗೇ ಇರ್ತಾರೆ ಅಂತ ಓದಿದ್ದೆ.”

ಸರಳಾ ನಕ್ಕುಬಿಟ್ಟರು. “ಬರೆದವ್ರನ್ನ ಒಂದು ವಾರ ನಮ್ಮನೇಲಿ ಬಿಡಿ! ಕೋಪ ಬಂದ್ರೆ ರೂಮ್ ಬಾಗ್ಲು ಹಾಕ್ಕೊಂಡ್ ಕೂರ್ತಾಳೆ. ಹೊಟ್ಟೆಕಿಚ್ಚಿದೆ, ಹಟ ಇದೆ. ಫ್ರಿಜ್‌ನಲ್ಲಿರೋ ಸ್ವೀಟ್ ತಿಂದು ಅಪ್ಪನ ಮೇಲೆ ಹಾಕ್ತಾಳೆ. ನಿಮ್ಮ ಮಕ್ಕಳು ಮಾಡ್ಲಿಲ್ವಾ?”

ಮಾಡಿದ್ದಾರೆ. ಅದಕ್ಕಿಂತ ಹೆಚ್ಚೇ ಮಾಡಿದ್ದಾರೆ.

ಆಮೇಲೆ ಅವರು ಹೇಳುತ್ತ ಹೋದರು. ನಾನು ಮೊದಲ ಬಾರಿಗೆ ಬಾಯಿ ಮುಚ್ಚಿಕೊಂಡು ಕೇಳಿದೆ. ಪಲ್ಲವಿ ಹುಟ್ಟಿದಾಗ ಡಾಕ್ಟರು ವಿಷಯವನ್ನು ಅಪ್ಪನ ಕಿವಿಯಲ್ಲಿ ಮಾತ್ರ ಹೇಳಿದರಂತೆ. ಬಾಣಂತಿಗೆ ಗೊತ್ತಾದದ್ದು ಮೂರು ದಿನದ ಮೇಲೆ. ನೆಂಟರದು ಒಂದೇ ತನಿಖೆ: ಬಸುರಿದ್ದಾಗ ಏನು ತಿಂದೆ, ಗ್ರಹಣದಲ್ಲಿ ಹೊರಗೆ ಹೋಗಿದ್ದೆಯಾ, ಯಾವ ದೇವರ ಹರಕೆ ಬಾಕಿ ಇತ್ತು? ಯಾವುದೂ ಕಾರಣವಲ್ಲ. ತಾಯಿ ತಿಂದದ್ದರಿಂದಾಗಲಿ, ನೋಡಿದ್ದರಿಂದಾಗಲಿ, ಮಾಡಿದ್ದರಿಂದಾಗಲಿ ಅದು ಬರುವುದಿಲ್ಲ. ಅದು ಯಾರ ತಪ್ಪೂ ಅಲ್ಲ, ಸಾಮಾನ್ಯವಾಗಿ ಆಕಸ್ಮಿಕವಾಗಿ ಆಗುವಂಥದ್ದು. ಇದನ್ನು ಒಬ್ಬ ಡಾಕ್ಟರಮ್ಮ ಸರಳಾರನ್ನು ಕೂರಿಸಿಕೊಂಡು ಹೇಳುವ ಹೊತ್ತಿಗೆ ಮಗುವಿಗೆ ಒಂದು ವರ್ಷ. ಅಷ್ಟು ದಿನವೂ ಆಕೆ ತನ್ನನ್ನೇ ಬೈದುಕೊಂಡಿದ್ದರು.

ಮಗುವಿನ ಹೃದಯದಲ್ಲೊಂದು ತೂತಿತ್ತು, ಆಪರೇಷನ್ ಆಯಿತು. ಈಗಲೂ ಬೆಳಿಗ್ಗೆ ಎದ್ದು ಥೈರಾಯ್ಡ್ ಮಾತ್ರೆ. ಆಗಾಗ ಕಿವಿ, ಕಣ್ಣು ತೋರಿಸಬೇಕು. ನಡೆದದ್ದು ತಡ, ಮಾತು ಇನ್ನೂ ತಡ, ಓದು ಬರಹ ಅದಕ್ಕಿಂತ ತಡ.

“ಲೇಟು ಅಷ್ಟೇ ಕಣ್ರೀ. ಬರಲ್ಲ ಅಂತಲ್ಲ. ನಾವು ಹತ್ತು ಸಲ ಹೇಳಿಕೊಡಬೇಕು, ಅವಳು ಹತ್ತನೇ ಸಲ ಕಲೀತಾಳೆ. ಕಲಿತ್ಲು ಅಂದ್ರೆ ಆಯ್ತು, ಮರೆಯಲ್ಲ. ಜನಕ್ಕೆ ಎರಡನೇ ಸಲಕ್ಕೇ ಸುಸ್ತಾಗ್ಬಿಡುತ್ತೆ.”

“ದೇವರ ಮಕ್ಕಳು ಅಂತಾರಲ್ಲ...” ಅಂದೆ. ಸಮಾಧಾನ ಹೇಳುವ ಚಪಲ ನನಗೆ.

“ಅಂತಾರೆ. ದೇವರ ಮಗು ಅಂದ್ಬಿಟ್ರೆ ಮನುಷ್ಯರ ಮನೆಗೆ ಕರೆಯೋದು ತಪ್ಪುತ್ತಲ್ಲ?”

ಸರಳಾ ಖಾಲಿ ಲೋಟ ಎತ್ತಿಟ್ಟು ಮುಂದುವರಿಸಿದರು.

ಹಳೇ ಮನೆಯಲ್ಲಿ ಪಲ್ಲವಿಗೆ ಹದಿನೆಂಟು ತುಂಬಿದಾಗ ಅವಳೇ ಅಪಾರ್ಟ್‌ಮೆಂಟಿನ ಎಲ್ಲ ಬಾಗಿಲು ಬಡಿದು ಬರ್ತ್‌ಡೇಗೆ ಕರೆದಿದ್ದಳಂತೆ. ಸಂಜೆ ಕೇಕ್ ಇಟ್ಟುಕೊಂಡು, ಹೊಸ ಬಟ್ಟೆ ಹಾಕಿಕೊಂಡು, ಎಂಟು ಗಂಟೆಯವರೆಗೆ ಬಾಗಿಲಲ್ಲಿ ನಿಂತಿದ್ದಳು. ಒಬ್ಬರೂ ಬರಲಿಲ್ಲ. ಮಾರನೆಯ ದಿನ ಲಿಫ್ಟಿನಲ್ಲಿ ಸಿಕ್ಕವರೊಬ್ಬರು ಸರಳಾಗೆ ಅಂದದ್ದು: “ಓ, ನಿಜವಾಗ್ಲೂ ಇತ್ತಾ? ಅವಳು ಹೇಳಿದ್ದಲ್ವಾ, ನಾವು ಸೀರಿಯಸ್ಸಾಗಿ ತಗೊಳ್ಲಿಲ್ಲ.”

ಆಮೇಲೆ ಪಲ್ಲವಿ ಯಾರನ್ನೂ ಯಾವುದಕ್ಕೂ ಕರೆದಿಲ್ಲ.

ಎರಡು ದಿನ ಬಿಟ್ಟು ನಾನು ಆ ಜೆರಾಕ್ಸ್ ಅಂಗಡಿಗೆ ಹೋದೆ. ಸುಮ್ಮನೆ ಹೋಗಿ ಸಾರಿ ಕೇಳುವುದು ನನ್ನಂಥವರಿಗೆ ಕಷ್ಟ, ನೆಪ ಬೇಕು. ಹಳೆಯ ಅಂಕಣಗಳ ಜೆರಾಕ್ಸ್ ಪ್ರತಿಗಳ ಒಂದು ಕಟ್ಟು ಬೈಂಡ್ ಮಾಡಿಸಲು ಹಿಡಿದುಕೊಂಡೆ. ಅಂಗಡಿಯಲ್ಲಿ ಪ್ರಾಜೆಕ್ಟ್ ರಿಪೋರ್ಟ್ ಹಿಡಿದ ಕಾಲೇಜು ಹುಡುಗರ ಸಾಲು. ಪಲ್ಲವಿ ನನ್ನನ್ನು ನೋಡಿದಳು, ಗುರುತು ಹಿಡಿದಳು, ಟೇಬಲ್ ಮೇಲಿದ್ದ ಡಬ್ಬ ತೋರಿಸಿದಳು.

“ಟೋಕನ್ ತಗೊಳ್ಳಿ ಆಂಟಿ.”

ತೆಗೆದುಕೊಂಡೆ. ಕಾದೆ. ನನ್ನ ಸರದಿ ಬಂದಾಗ ಕಟ್ಟು ಕೊಟ್ಟು, “ಪಲ್ಲವಿ, ಅವತ್ತು ನಾನು...” ಎಂದು ಶುರು ಮಾಡಿದೆ.

“ಈಗ ಕೆಲಸ. ಆಮೇಲೆ.”

ಕಟ್ಟು ಬಿಚ್ಚಿ ಒಂದೊಂದೇ ಹಾಳೆ ಬೆರಳಿನಿಂದ ಸರಿಸುತ್ತ ಹೋದಳು. ಅವಸರವಿಲ್ಲ. ಆಮೇಲೆ ತಲೆಯೆತ್ತಿ, “ಆಂಟಿ... ನೀವು...” ಅಂದಳು. ಮಾತು ಬರಲು ಸ್ವಲ್ಪ ಹೊತ್ತು ಬೇಕು ಅವಳಿಗೆ. ನನಗೆ ಅಷ್ಟು ಹೊತ್ತು ಎಲ್ಲಿದೆ?

“ನಾಳೆ ಬರ್ಲಾ?” ಅಂದೆ.

“ಅಲ್ಲ. ನೀವು...”

“ಅರ್ಜೆಂಟಿಲ್ಲಮ್ಮ, ನಿಧಾನಕ್ಕೆ ಮಾಡು.”

“ಅಲ್ಲ! ಪೂರ್ತಿ... ಹೇಳೋಕೆ ಬಿಡಿ.” ಉಸಿರು ಎಳೆದುಕೊಂಡಳು. “ನೀವು ಒಂದು ಪೇಜ್ ಮೇಲೆ ನಿಂತಿದೀರ.”

ಬಗ್ಗಿ ನೋಡಿದೆ. ನನ್ನದೇ ಅಂಕಣ ನನ್ನದೇ ಚಪ್ಪಲಿಯ ಕೆಳಗಿತ್ತು. ಹಿಂದೆ ನಿಂತಿದ್ದ ಹುಡುಗರು ಕಿಸಕ್ಕೆಂದರು.

ಕಟ್ಟಿನಲ್ಲಿ ಒಂದೇ ಪುಟ ಎರಡು ಸಲ ಸೇರಿತ್ತು. ಅದನ್ನೂ ಹಿಡಿದು ಪಕ್ಕಕ್ಕಿಟ್ಟಳು. “ಎಕ್ಸ್‌ಟ್ರಾ ಕಾಪಿ” ಅಂದಳು. ತೂತು ಹೊಡೆಯುವ ಮೆಷಿನ್ನಿನ ಹಿಡಿ ಒತ್ತುತ್ತ, ತಾನಾಗಿಯೇ ಹೇಳಿದಳು: “ನಂಗೂ ಒಂದು ಎಕ್ಸ್‌ಟ್ರಾ ಕಾಪಿ ಇದೆ. ಕ್ರೋಮೋಸೋಮ್. ಇಪ್ಪತ್ತೊಂದನೇದು. ನಿಮಗೆ ಎರಡು, ನಂಗೆ ಮೂರು.”

ಇದಕ್ಕಿಂತ ಚೆನ್ನಾಗಿ ನಾನಂತೂ ಎಲ್ಲೂ ಓದಿಲ್ಲ. ನಮ್ಮ ಜೀವಕೋಶಗಳಲ್ಲಿ ಕ್ರೋಮೋಸೋಮುಗಳು ಜೋಡಿ ಜೋಡಿಯಾಗಿರುತ್ತವೆ. ಇಪ್ಪತ್ತೊಂದನೆಯದು ಎರಡರ ಬದಲು ಮೂರು ಇದ್ದರೆ ಡೌನ್ ಸಿಂಡ್ರೋಮ್. ಔಷಧಿ ಕೊಟ್ಟು ಹೋಗಲಾಡಿಸುವಂಥದ್ದಲ್ಲ, ಒಬ್ಬರಿಂದ ಇನ್ನೊಬ್ಬರಿಗೆ ಅಂಟುವಂಥದ್ದೂ ಅಲ್ಲ. ಆ ಕಾಪಿ ಇಟ್ಟುಕೊಂಡೇ ಬೈಂಡಾದವರು ಅವರು.

ಬೈಂಡಿಂಗ್ ಮುಗಿಸಿ, ಪುಸ್ತಕವನ್ನು ಎರಡು ಸಲ ಬಿಚ್ಚಿ ಮುಚ್ಚಿ ನೋಡಿ ನನ್ನ ಕೈಗಿಟ್ಟಳು. “ಈಗ ಹೇಳಿ” ಅಂದಳು.

“ಸಾರಿ ಪುಟ್ಟಾ.”

“ಪುಟ್ಟ ಅಲ್ಲ. ಪಲ್ಲವಿ.”

“ಸಾರಿ ಪಲ್ಲವಿ.”

“ನೋಡ್ತೀನಿ” ಅಂದಳು. ಮುಂದಿನ ಟೋಕನ್ ಕರೆದಳು.

ಕ್ಷಮೆ ಕೇಳಿದ ತಕ್ಷಣ ಕೊಟ್ಟುಬಿಡುವವರನ್ನೇ ನೋಡಿ ಅಭ್ಯಾಸವಾದ ನನಗೆ ಈ “ನೋಡ್ತೀನಿ” ಒಂದು ತಿಂಗಳು ಕಿವಿಯಲ್ಲಿ ಗುಂಯ್‌ಗುಟ್ಟಿತು.

ನವರಾತ್ರಿ ಬಂತು. ಮೂರನೆಯ ದಿನ ಸಂಜೆ ಬೆಲ್ ಆಯಿತು. ಬಾಗಿಲಲ್ಲಿ ಪಲ್ಲವಿ. ಕೈಯಲ್ಲಿ ಕುಂಕುಮದ ಬಟ್ಟಲು, ಹೆಗಲಿಗೊಂದು ಚೀಲ. ನನ್ನ ಹಣೆಗೆ ಕುಂಕುಮ ಇಟ್ಟಳು. (ಹುಬ್ಬಿನ ಮೇಲೂ ಸ್ವಲ್ಪ ಬಿತ್ತು.) ಚೀಲದಿಂದ ಒಂದು ಕಾರ್ಡ್ ತೆಗೆದು ಕೊಟ್ಟಳು. ಗಟ್ಟಿಯಾಗಿ ಲ್ಯಾಮಿನೇಟ್ ಮಾಡಿದ ಕಾರ್ಡ್! ಅದರ ಮೇಲೆ ಅವಳದೇ ದುಂಡು ಅಕ್ಷರ: “ಶುಕ್ರವಾರ ಸಂಜೆ ನಮ್ಮ ಮನೆ ಗೊಂಬೆ ನೋಡೋಕೆ ಬನ್ನಿ. ಪಲ್ಲವಿ.”

“ಗೊಂಬೆ ಯಾರು ಕೂರ್ಸಿದ್ದು?”

“ನಾನು. ಕರೆಯೋದೂ ನಾನೇ. ಅಮ್ಮ ಕರೆಯಲ್ಲ.”

ಕಾರ್ಡ್ ಕಂಡು ನನಗೆ ಎಷ್ಟು ಮುದ್ದು ಬಂತೆಂದರೆ ಹಾಗೇ ಪರ್ಸಿಗೆ ಹಾಕಿಕೊಂಡುಬಿಟ್ಟೆ. ಅವಳು ಪಕ್ಕದ ಮನೆಯ ಗೇಟಿನ ಚಿಲಕ ತೆಗೆಯುತ್ತಿದ್ದಳು.

ಅರ್ಧ ಗಂಟೆಯಲ್ಲಿ ಸರಳಾ ಓಡಿ ಬಂದರು. ಮುಖದಲ್ಲಿ ರಕ್ತವಿಲ್ಲ. “ಹದಿನಾಲ್ಕು ಮನೆ ಕರೆದಿದಾಳೆ. ಒಂಬತ್ತು ವರ್ಷ ಆದ್ಮೇಲೆ ಮೊದಲನೇ ಸಲ. ನಾನು ಯಾರಿಗೂ ಫೋನ್ ಮಾಡ್ಬಾರ್ದು, ಹೇಳ್ಬಾರ್ದು ಅಂತ ಆಣೆ ಹಾಕಿಸ್ಕೊಂಡಿದಾಳೆ. ಯಾರೂ ಬರದೇ ಹೋದ್ರೆ? ಇನ್ನೊಂದ್ ಸಲ ಅವಳು ಬಾಗಿಲಲ್ಲಿ ನಿಂತಿರೋದು ನೋಡೋಕೆ ನನ್ ಕೈಲಾಗಲ್ಲ. ನೀವು ರಸ್ತೆ ಗ್ರೂಪಲ್ಲಿ ಒಂದ್ ಮಾತು ಹಾಕ್ತೀರಾ? ನೀವು ಹೇಳಿದ್ರೆ ಎಲ್ರೂ ಬರ್ತಾರೆ.”

ನನಗೆ ಅಷ್ಟು ಸಾಕು. ಲೇಖಕಿ ಅಲ್ಲವೇ? ಕೂತು ಬರೆದೆ. “ಆತ್ಮೀಯ ಸೋದರಿಯರೇ, ನಮ್ಮ ರಸ್ತೆಯ ವಿಶೇಷ ಮಗು ಪಲ್ಲವಿಯ ಮುಖದಲ್ಲಿ ನಗು ಅರಳಿಸಲು ಶುಕ್ರವಾರ ಎಲ್ಲರೂ ದಯವಿಟ್ಟು ಬಂದು ಪ್ರೋತ್ಸಾಹಿಸಬೇಕಾಗಿ...” ಎರಡು ದೀಪ, ಮೂರು ಕೈ ಮುಗಿದ ಚಿತ್ರ. ಕಣ್ಣಲ್ಲಿ ನೀರು ಬರುವ ಹಾಗಿತ್ತು. ಯಜಮಾನರಿಗೆ ತೋರಿಸಿದೆ.

ಅವರು ಕನ್ನಡಕ ಏರಿಸಿ ಓದಿದರು. “ಇದು ಕರೆಯೋಲೆನೋ, ಚಂದಾ ಎತ್ತೋ ಪತ್ರಾನೋ?”

“ಯಾಕೆ, ಏನಾಗಿದೆ?”

“ಅವಳು ಮನೆಮನೆಗೆ ಹೋಗಿ ಕುಂಕುಮ ಇಟ್ಟು ಕರ್ದಿದಾಳೆ. ನಿನ್ ಪ್ರಕಾರ ಕರೆಯೋದು ಹಂಗೆ ತಾನೇ? ಈಗ ನೀನು ವಾಟ್ಸಾಪ್‌ನಲ್ಲಿ ‘ಅವಳು ಕರ್ದಿದ್ದು ಲೆಕ್ಕಕ್ಕಿಲ್ಲ, ನಾನು ಕರೀತಿದೀನಿ’ ಅಂತಿದೀಯ.”

ಮೇಷ್ಟ್ರುಗಳನ್ನು ಮದುವೆಯಾಗಬಾರದು. ಆದರೆ ಅವರು ಹೇಳಿದ್ದು ನಿಜ. ನಾನು ಕಳಿಸಿದ್ದರೆ ಹದಿನಾಲ್ಕು ಮನೆಯವರೂ ಬರುತ್ತಿದ್ದರು. ಬಂದು ಕೆನ್ನೆ ತಟ್ಟುತ್ತಿದ್ದರು, ಕೈಗೆ ಹದಿನಾಲ್ಕು ಚಾಕೊಲೇಟ್ ಇಡುತ್ತಿದ್ದರು. ಪಲ್ಲವಿ ಕರೆದದ್ದಕ್ಕೆ ಒಬ್ಬರೂ ಬಂದಂತಾಗುತ್ತಿರಲಿಲ್ಲ.

ಅಳಿಸಿದೆ. ಇಷ್ಟು ವರ್ಷದ ಬರವಣಿಗೆಯಲ್ಲಿ ನಾನು ಮಾಡಿದ ಅತ್ಯುತ್ತಮ ಕೆಲಸ ಬಹುಶಃ ಆ ನಾಲ್ಕು ಸಾಲು ಅಳಿಸಿದ್ದು. ಸರಳಾಗೆ ಫೋನ್ ಮಾಡಿ, “ಅವಳ ಮಾತಿನ ಮೇಲೇ ಬಿಡೋಣ ಕಣ್ರೀ” ಅಂದೆ. ಅರ್ಧ ಮನಸ್ಸಿನಿಂದ “ಹೂಂ” ಅಂದರು.

ಶುಕ್ರವಾರದವರೆಗೆ ನಾನು ಪಟ್ಟ ಪಾಡು ಕೇಳಬೇಡಿ. ತರಕಾರಿ ಗಾಡಿಯ ಹತ್ತಿರ ಯಾರು ಸಿಕ್ಕರೂ ನಾಲಿಗೆ ತುದಿಯವರೆಗೆ ಬರುತ್ತಿತ್ತು: “ಪಲ್ಲವಿ ಮನೆಗೆ ಬರ್ತಿದೀರಲ್ವಾ?” ನುಂಗಿಕೊಂಡು ಬೀನ್ಸ್ ಆರಿಸುತ್ತಿದ್ದೆ. ಎಂದೂ ಇಲ್ಲದ ಹಾಗೆ ಎರಡು ಕೆಜಿ ಬೀನ್ಸ್ ಮನೆಗೆ ಬಂತು.

ಶುಕ್ರವಾರ ಸಂಜೆ ಐದೂವರೆಗೇ ಹೋಗಿ ಕೂತೆ. ಯಾರೂ ಬರದಿದ್ದರೆ ನಾನೊಬ್ಬಳಾದರೂ ಹಾಲ್ ತುಂಬಿದಂತೆ ಕಾಣಬೇಕು ಎಂದು ದೊಡ್ಡ ಅಂಚಿನ ಸೀರೆಯನ್ನೇ ಉಟ್ಟಿದ್ದೆ.

ಗೊಂಬೆ ನೋಡಬೇಕಿತ್ತು ನೀವು! ಐದು ಮೆಟ್ಟಿಲು. ಮೇಲೆ ಸರಳಾರ ತಾಯಿಯ ಕಾಲದ ಪಟ್ಟದ ಗೊಂಬೆ, ರಾಜ ರಾಣಿ. ಕೆಳಗೆ ದಶಾವತಾರ, ಮದುವೆ ದಿಬ್ಬಣ. ಎಲ್ಲಕ್ಕಿಂತ ಕೆಳಗೆ ಬೆಂಕಿಪೊಟ್ಟಣಗಳಲ್ಲಿ ಕಟ್ಟಿದ ಒಂದು ಜೆರಾಕ್ಸ್ ಅಂಗಡಿ. ಒಳಗೆ ಸೀರೆಯುಟ್ಟ ಒಂದು ಗೊಂಬೆ ಬೈಂಡಿಂಗ್ ಮಾಡುತ್ತಿದೆ. ಹೊರಗೆ ಗೊಂಬೆಗಳ ಕ್ಯೂ. ಅದರಲ್ಲೊಂದಕ್ಕೆ ತಂತಿಯ ಕನ್ನಡಕ, ಬಾಯಿ ತೆರೆದಿದೆ.

“ಇದ್ಯಾರು ಪಲ್ಲವಿ?”

“ನೀವು.”

ಅದೇ ಸಾಸಿವೆ ಬಣ್ಣದ ಸೀರೆ ಉಟ್ಟಿದ್ದಳು. ಸರಳಾ ಅಡುಗೆಮನೆಗೂ ಹಾಲಿಗೂ ಓಡಾಡುತ್ತಿದ್ದರು. ಕಡಲೆಕಾಳಿನ ಉಸಲಿ ದೊಡ್ಡ ಪಾತ್ರೆಯಲ್ಲಿ ಆವಿಯಾಡುತ್ತಿತ್ತು. ಐದೂ ಮುಕ್ಕಾಲು. ಮೆಟ್ಟಿಲ ಮೇಲೆ ಸದ್ದಿಲ್ಲ. ಐದೂ ಐವತ್ತು. ರಸ್ತೆಯಲ್ಲಿ ಒಂದು ಆಟೋ ಬಂತು, ಮುಂದೆ ಹೋಯಿತು. ಸರಳಾ ನನ್ನನ್ನು ನೋಡಿದರು. ಆ ನೋಟದಲ್ಲಿ “ನೀವು ಮೆಸೇಜ್ ಹಾಕಿದ್ದರೆ” ಎಂಬುದಿತ್ತು. ಒಳ್ಳೆಯದು ಮಾಡಲು ಹೋಗಿ ಈ ಹುಡುಗಿಯನ್ನು ಎರಡನೇ ಸಲ ಬಾಗಿಲಲ್ಲಿ ನಿಲ್ಲಿಸಿಬಿಟ್ಟೆನೇ?

ಪಲ್ಲವಿ ಮಾತ್ರ ಕುರ್ಚಿಯಲ್ಲಿ ಕೂತು ಗಡಿಯಾರ ನೋಡುತ್ತಿದ್ದಳು. ನೆಮ್ಮದಿಯಾಗಿ!

ತಡೆಯಲಾರದೆ ಅಂದೆ, “ಇನ್ನೂ ಯಾರೂ ಬಂದಿಲ್ವಲ್ಲ ಪಲ್ಲವಿ?”

“ಟೈಮ್ ಆಗಿಲ್ಲ ಆಂಟಿ.”

“ಏನು ಟೈಮು?”

ಅವಳು ನನ್ನನ್ನು ನೋಡಿದ ರೀತಿ, ನಮ್ಮ ಯಜಮಾನರು ಹೋಂವರ್ಕ್ ಮಾಡದ ಹುಡುಗರನ್ನು ನೋಡುತ್ತಿದ್ದ ಹಾಗಿತ್ತು. “ಕಾರ್ಡ್... ಹಿಂದೆ ನೋಡ್ಲಿಲ್ವಾ?”

ಪರ್ಸ್ ತೆಗೆದು ಕಾರ್ಡ್ ತಿರುಗಿಸಿದೆ. ಹಿಂಬದಿಯಲ್ಲಿ ಕೆಂಪು ಪೆನ್ನಿನಲ್ಲಿ ಬರೆದಿತ್ತು: “ಟೋಕನ್ 14. ಟೈಮ್ 7.30.”

ಹದಿನಾಲ್ಕು ಮನೆ, ಕಾಲು ಗಂಟೆಗೆ ಎರಡೆರಡು ಟೋಕನ್, ಆರರಿಂದ ಏಳೂವರೆಯವರೆಗೆ. ಯಾರೂ ಕಾಯಬಾರದು, ಮಣೆಗೆ ನೂಕುನುಗ್ಗಲಾಗಬಾರದು, ಒಬ್ಬೊಬ್ಬರಿಗೂ ಸರಿಯಾಗಿ ಕುಂಕುಮ ಕೊಡಬೇಕು. ಅಂಗಡಿಯಲ್ಲಿ ಮಾಡುವ ಹಾಗೆಯೇ. ಅಮ್ಮನಿಗೂ ಹೇಳಿರಲಿಲ್ಲ, ಹೇಳಿದರೆ ಅಮ್ಮ ಮಧ್ಯೆ ಕೈ ಹಾಕುತ್ತಾರಲ್ಲ. ಸರಳಾ ನನ್ನ ಕೈಯಿಂದ ಕಾರ್ಡ್ ಕಿತ್ತು ಎರಡು ಸಲ ಓದಿದರು.

ಸರಿಯಾಗಿ ಆರಕ್ಕೆ ಬೆಲ್ ಆಯಿತು. ಟೋಕನ್ ಒಂದು, ಮನೆ ಓನರ್ ಕಮಲಮ್ಮ. ಈ ಲೇಔಟೆಲ್ಲ ಒಂದು ಕಾಲಕ್ಕೆ ಅವರ ಮಾವನ ರಾಗಿ ಹೊಲ. ಕಾರ್ಡನ್ನು ಎತ್ತಿ ಹಿಡಿದುಕೊಂಡೇ ಒಳಗೆ ಬಂದರು.

“ಏನವ್ವಾ ಪಲ್ಲವಿ, ಒತ್ತಿಗ್ ಸರಿಯಾಗ್ ಬಂದಿವ್ನಿ ನೋಡು. ನಂಗ್ ಓದಾಕ್ ಬರಾಕಿಲ್ಲ, ಮೊಮ್ಮಗಳ ಕೈಲಿ ಎರಡೂ ಕಡೆ ಓದಿಸ್ಕಂಡೆ. ಇಂಗೆ ಟೇಮ್ ಆಕಿ ಕರ್ದೋರು ಈ ಊರಾಗೆ ನೀನೇ ಮೊದ್ಲು!”

ಓದಲು ಬಾರದ ಕಮಲಮ್ಮ ಎರಡೂ ಕಡೆ ಓದಿಸಿಕೊಂಡಿದ್ದರು. ಅಂಕಣ ಬರೆಯುವ ನಾನು ಕಾರ್ಡ್ ತಿರುಗಿಸಿಯೂ ನೋಡಿರಲಿಲ್ಲ. ಯಾಕೆ? ಮುದ್ದಾಗಿದೆ ಎಂದುಕೊಂಡೆನೇ ಹೊರತು, ಅದರಲ್ಲಿ ನಾನು ತಿಳಿದುಕೊಳ್ಳಬೇಕಾದದ್ದು ಏನಾದರೂ ಇರುತ್ತದೆ ಎಂದುಕೊಳ್ಳಲಿಲ್ಲ. ಆರ್.ಟಿ. ನಗರದ ಅಪಾರ್ಟ್‌ಮೆಂಟಿನವರಿಗಿಂತ ನಾನೇನು ಹೆಚ್ಚಿನವಳು?

ಎದ್ದು ಹೋಗಿ ಏಳೂವರೆಗೆ ಬರಲೇ ಎಂದು ಕೇಳಿದೆ. “ಕೂತ್ಕೊಳ್ಳಿ. ಟೋಕನ್ ಕರೀತೀನಿ” ಅಂದಳು. ಕೂತೆ. ಒಂದೂವರೆ ಗಂಟೆ. ಅವಳು ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದಳು, ಮಣೆಯ ಮೇಲೆ ಕೂರಿಸಿದಳು, ಅರಿಶಿನ ಕುಂಕುಮ ಕೊಟ್ಟಳು, ಹೂವು ಕೊಟ್ಟಳು, ಉಸಲಿ ಕೊಟ್ಟಳು. ಯಾರೋ ಎಂದಿನಂತೆ ಸರಳಾರತ್ತ ತಿರುಗಿ, “ಗೊಂಬೆ ಅಂಗಡಿ ಇವಳೇ ಮಾಡಿದ್ಲಾ?” ಎಂದು ಕೇಳಿದರು. “ಅವಳನ್ನೇ ಕೇಳಿ, ಹೇಳ್ತಾಳೆ” ಅಂದೆ ನಾನು. ಕೇಳಿದರು. ಪಲ್ಲವಿ ನಿಧಾನವಾಗಿ, ಬೆಂಕಿಪೊಟ್ಟಣ ಎಷ್ಟು, ಗೋಂದು ಯಾವುದು, ಎಲ್ಲ ಹೇಳಿದಳು. ಅವರು ಕಾದು ಪೂರ್ತಿ ಕೇಳಿಸಿಕೊಂಡರು. ಅಷ್ಟೇನೂ ಕಷ್ಟವಾದ ಹಾಗೆ ಕಾಣಲಿಲ್ಲ.

ಒಂಬತ್ತನೆಯ ಟೋಕನ್ ಮಾತ್ರ ಬರಲಿಲ್ಲ. (ಜ್ವರವಂತೆ. ಮಾರನೆಯ ದಿನ ಹೋಗಿ ವಿಚಾರಿಸಿದೆ. ಹೌದು, ನಿಜವಾದ ಜ್ವರ.) ಮಿಕ್ಕವರೆಲ್ಲ ಬಂದರು. ಆರ್ಡರ್ ತಪ್ಪಿ ಬಂದವರನ್ನು ಪಲ್ಲವಿ ಬಾಗಿಲಲ್ಲೇ ನಿಲ್ಲಿಸಿ ಕಾರ್ಡ್ ಚೆಕ್ ಮಾಡಿದಳು. ಅವಳ ಅಪ್ಪ ಗೊರಗುಂಟೆಪಾಳ್ಯದ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡು ಏಳೂ ಇಪ್ಪತ್ತಕ್ಕೆ ಬಂದವರು, ಮೆಟ್ಟಿಲ ಕೆಳಗಿನ ಚಪ್ಪಲಿ ರಾಶಿ ನೋಡಿ ಅಲ್ಲೇ ಸ್ವಲ್ಪ ಹೊತ್ತು ಕೂತುಬಿಟ್ಟರಂತೆ.

ಏಳೂವರೆಗೆ ಹದಿಮೂರನೆಯ ಟೋಕನ್, ಅನನ್ಯಾ. ಅವಳದು ಆಯಿತು.

“ಟೋಕನ್ ಹದಿನಾಲ್ಕು!”

ಹೋಗಿ ಮಣೆಯ ಮೇಲೆ ಕೂತೆ. “ನಂಗ್ಯಾಕೆ ಪಲ್ಲವಿ ಎಲ್ಲರಿಗಿಂತ ಕೊನೇಲಿ?” ಎಂದು ಕೇಳಿದೆ.

“ನೀವು ಜಾಸ್ತಿ ಮಾತಾಡ್ತೀರ. ಬೇರೆಯವ್ರಿಗೆ ಲೇಟ್ ಆಗುತ್ತೆ.”

ಹಾಲ್‌ನಲ್ಲಿದ್ದವರೆಲ್ಲ ನಕ್ಕರು. ಕಮಲಮ್ಮ ಎಲ್ಲರಿಗಿಂತ ಜೋರಾಗಿ. ಪಲ್ಲವಿ ನನ್ನ ಹಣೆಗೆ ಕುಂಕುಮ ಇಟ್ಟಳು. ನನ್ನ ಕೆನ್ನೆ ತಟ್ಟಿದಳು. ಪಕ್ಕದ ತಟ್ಟೆಯಿಂದ ಏನನ್ನೋ ತೆಗೆದು ನನ್ನ ಅಂಗೈಯಲ್ಲಿಟ್ಟಳು.

“ತಗೋ ಪುಟ್ಟಾ, ಜಾಣೆ!”

ಅದೇ ಚಾಕೊಲೇಟ್. ಕವರಿನ ಮೂಲೆ ಸ್ವಲ್ಪ ಮಡಚಿಕೊಂಡಿತ್ತು. ಎರಡು ತಿಂಗಳು ಫ್ರಿಜ್‌ನಲ್ಲಿಟ್ಟು ಕಾದಿದ್ದಳು. ಸ್ವೀಟ್ ಕಂಡರೆ ಬಿಡದವಳು!

ಸರಳಾ “ಪಲ್ಲವೀ!” ಎಂದು ಚೀರಿದರು. ಮಿಕ್ಕವರಿಗೆ ಏನೂ ಅರ್ಥವಾಗಲಿಲ್ಲ. ನನಗೆ ಅರ್ಥವಾಯಿತು. ಮೊದಲು ಕೆನ್ನೆ ಬಿಸಿಯಾಯಿತು. ಆಮೇಲೆ ನಗು ಬಂತು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆ. ಪಲ್ಲವಿಯೂ ನಕ್ಕಳು. ಆಮೇಲೆ ಅವಳು ಮಣೆಯ ಹಿಂದೆ ಬಚ್ಚಿಟ್ಟಿದ್ದ ತಾಂಬೂಲದ ಚೀಲ ತೆಗೆದು, ಎರಡೂ ಕೈಯಲ್ಲಿ ಹಿಡಿದು ನನಗೆ ಕೊಟ್ಟಳು. “ಈಗ ಸರಿ ಹೋಯ್ತು” ಅಂದಳು.

ಬ್ಲೌಸ್ ಪೀಸ್ ಹೊಲಿಯಲು ಕೊಟ್ಟಾಗಿದೆ. ಚಾಕೊಲೇಟ್ ಮಾತ್ರ ತಿನ್ನಲು ಮನಸ್ಸಾಗಿಲ್ಲ, ಈಗ ನಮ್ಮ ಫ್ರಿಜ್‌ನಲ್ಲಿದೆ. ಯಜಮಾನರು ದಿನಾ ಅದನ್ನು ನೋಡಿ ಮುಗುಳ್ನಗುತ್ತಾರೆ.

ಹಬ್ಬಗಳ ಗಲಾಟೆ ಮುಗಿದಿದೆಯಲ್ಲ, ಒಮ್ಮೆ ಹೊರಗೆ ಹೋಗಿ ನೋಡಿ ಬನ್ನಿ: ನಿಮ್ಮ ಚಪ್ಪಲಿ ಸ್ಟ್ಯಾಂಡಿನ ಮೇಲೂ ಯಾರಾದರೂ ಏನಾದರೂ ‘ಮರೆತು’ ಹೋಗಿದ್ದಾರೆಯೇ?